ಸಾಕು ಎಂಬ ಎರಡಕ್ಷರ

ಸೆಪ್ಟೆಂಬರ್ ೨, ಸೋಮವಾರ

ಊಟದ ಮೇಜಿನ ಮೇಲೆ ಅಕ್ಷರ ಬರೆಯುವುದೆಂದರೆ ಬಸ್ಸಿನಲ್ಲಿ ನಿಂತುಕೊಂಡು ನಿದ್ದೆ ಮಾಡಿದ ಹಾಗೆ. ಮಾಡಬಹುದು, ಮಾಡುವವರೂ ಇದ್ದಾರೆ, ಆದರೆ ಅದು ನಿದ್ದೆಯಲ್ಲ. ಸಾಬೂನು ತಯಾರಿಸುವವನ ಲೇಬಲ್ಲಿಗೆ 'ಪರಿಮಳ' ಎಂದು ಬರೆಯುತ್ತಿದ್ದೆ. ಪ, ರಿ, ಮ ಮೂರೂ ಹೇಳಿದ ಹಾಗೆ ಬಂದವು. ಳಕಾರದ ತಿರುವಿನಲ್ಲಿ ಕಾಗದದ ಕೆಳಗಿದ್ದ ಬ್ರೆಡ್ಡಿನ ಚೂರಿಗೆ ತಗುಲಿ ನಿಬ್ಬು ಎಗರಿತು. ಮಸಿ ಚೆಲ್ಲಿತು. ಬ್ರೆಡ್ಡು ತಿಂದವರು ಯಾರು ಎಂದು ಕೇಳುವುದೇ ಬೇಡ.

ಕಿಟಕಿಯ ಕೋಣೆ ನನ್ನದಾಗಿತ್ತು. ಬೆಳಕು ಎಡಗಡೆಯಿಂದ ಬೀಳುತ್ತಿತ್ತು, ಬಾಗಿಲು ಹಾಕಿಕೊಂಡರೆ ಲೋಕದ ಹಂಗಿರಲಿಲ್ಲ. ಈಗ ಅಲ್ಲಿ ಇವರ ಮಗಳು ಇದ್ದಾಳೆ. ಇವರ ಮೊದಲ ಹೆಂಡತಿಯ ಮಗಳು, ಹದಿಮೂರು ತುಂಬಿದೆ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಅಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಳು. ಅಜ್ಜಿಗೆ ಮಂಡಿ ಆಪರೇಷನ್ ಆಯಿತು, ನಡೆದಾಡುವ ಹಾಗಾಗುವ ತನಕ ಅಪ್ಪನ ಜೊತೆ ಇರಲಿ ಎಂದರು, ಬಂದಳು. ಬಂದವಳಿಗೆ ಒಂದು ಕೋಣೆ ಬೇಡವೇ? ಬೇಕು. ಯಾರೂ ಕೇಳುವ ಮೊದಲೇ ನಾನೇ ದೊಡ್ಡ ಮನಸ್ಸು ಮಾಡಿ ಖಾಲಿ ಮಾಡಿಕೊಟ್ಟೆ. ಆ ದೊಡ್ಡ ಮನಸ್ಸನ್ನು ಈಗ ದಿನಾ ಮೇಜಿನಿಂದ ಒರೆಸುತ್ತಿದ್ದೇನೆ.

ಇವತ್ತು ಅಜ್ಜಿಯ ಫೋನು ಬಂತು. ಮಂಡಿ ಸರಿಯಾಗಿದೆಯಂತೆ. ತಿಂಗಳ ಕೊನೆಗೆ, ಇಪ್ಪತ್ತೆಂಟಕ್ಕೆ, ಬಂದು ಕರೆದುಕೊಂಡು ಹೋಗುತ್ತಾರಂತೆ, "ನಿಮ್ಗೆಲ್ಲ ಅದೇ ಅನುಕೂಲ ಅಂತಾದ್ರೆ." ಇವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು: "ನೋಡೋಣ." ನನಗೆ ಸಂತೋಷವಾಯಿತು. ಇಲ್ಲಿ ಬರೆದುಕೊಳ್ಳಲು ಯಾರ ಭಯ? ಸಂತೋಷವಾಯಿತು.

ಸೆಪ್ಟೆಂಬರ್ ೪, ಬುಧವಾರ

ಸೂಜಿ ಬಂದಿದ್ದ. ಹಚ್ಚೆ ಹಾಕುವವನು, ಅವನ ಹೆಸರನ್ನು ಅವನೇ ಮರೆತಿರಬೇಕು, ಬೀದಿಗೆಲ್ಲ ಸೂಜಿ. ಗುಲಾಬಿ, ಹಾವು, ಹದ್ದು ಎಲ್ಲ ಅದ್ಭುತವಾಗಿ ಬರೆಯುತ್ತಾನೆ. ಅಕ್ಷರ ಬಂದರೆ ಮಾತ್ರ ಕೈ ಸೋಲುತ್ತದೆ. ಹಿಂದೊಮ್ಮೆ ಒಬ್ಬನ ಭುಜದ ಮೇಲೆ 'ಧೈರ್ಯ' ಬರೆಯಲು ಹೋಗಿ ಧಕಾರದ ಹೊಟ್ಟೆ ಸೀಳುವುದನ್ನು ಮರೆತು 'ದೈರ್ಯ' ಮಾಡಿದ್ದ. ಮಹಾಪ್ರಾಣವಿಲ್ಲದ ಧೈರ್ಯ ಹೊತ್ತುಕೊಂಡು ಆ ಮನುಷ್ಯ ಗಲಾಟೆಗೆ ಬಂದ. ಅಲ್ಲಿಂದ ಸೂಜಿ ಅಕ್ಷರಗಳಿಗೆ ನನ್ನ ಹತ್ತಿರ ಬರುತ್ತಾನೆ. ನಾನು ಬರೆದುಕೊಡುತ್ತೇನೆ, ಅವನು ಚುಚ್ಚುತ್ತಾನೆ.

ಈ ಸಲದ ಗಿರಾಕಿ ಲಾರಿ ಡ್ರೈವರ್. ಮುಂಗೈಗೆ ಒಂದೇ ಪದ: ಸಾಕು.

"ಇಷ್ಟೇನಾ?" ಎಂದೆ.

"ಇಷ್ಟೇ. ಸುಲಭ ಅಲ್ವಾ?" ಎಂದ ಸೂಜಿ.

ಸುಲಭವೇ. ಕುಡಿತ ಬಿಟ್ಟಿರಬೇಕು, ಇಲ್ಲ ಹೆಂಡತಿ ಬಿಟ್ಟಿರಬೇಕು. ಚಪ್ಪಟೆ ನಿಬ್ಬು ತೆಗೆದುಕೊಂಡು ಒಂದೇ ಉಸಿರಿಗೆ ಬರೆದೆ. ಸಕಾರದ ಇಳಿ ನೇರ ಕೆಳಕ್ಕೆ, ಕಕಾರದ ಕೊಂಬು ಬಾಗಿಲು ಬಡಿದ ಹಾಗೆ ಗಕ್ಕನೆ ನಿಂತಿತು. ಬಹಳ ದಿನದ ಮೇಲೆ ನನಗೇ ಖುಷಿ ಕೊಟ್ಟ ಪದ ಇದು.

ಸೆಪ್ಟೆಂಬರ್ ೬, ಶುಕ್ರವಾರ

ಸಾಬೂನಿನವನು ಲೇಬಲ್ ನೋಡಿ ಕೇಳಿದ: "ಚೆನ್ನಾಗಿದೆ ಮೇಡಂ, ಇದು ಯಾವ ಫಾಂಟು?"

ನನ್ನ ಕೈ ಎಂದೆ.

"ಸರಿ, ಅದನ್ನ ಸ್ವಲ್ಪ ಕಳಿಸ್ತೀರಾ? ಮಿಕ್ಕಿದ್ದನ್ನ ನಾವೇ ಟೈಪ್ ಮಾಡ್ಕೋತೀವಿ."

ಪಿತ್ತ ನೆತ್ತಿಗೇರಿತು. ಕೈ ಕತ್ತರಿಸಿ ಪಾರ್ಸೆಲ್ ಮಾಡಬೇಕಂತೆ.

ಲಾರಿ ಡ್ರೈವರ್ 'ಸಾಕು' ಬೇಡ ಎಂದನಂತೆ. ಯಾಕೆ ಎಂದರೆ "ಇದಲ್ಲ" ಎಂದನಂತೆ. ಇದಲ್ಲ ಎಂದರೆ ಯಾವುದು? ಬೇರೆ ಬರೆದು ಕಳಿಸಿದೆ, ಇನ್ನೂ ದಪ್ಪಗೆ.

ಸೆಪ್ಟೆಂಬರ್ ೧೦, ಮಂಗಳವಾರ

ನನ್ನ ಅಳಿಲುಕೂದಲಿನ ಕುಂಚ ಹೋಯಿತು. ಇವರ ಮಗಳು ಅದರಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಾಳೆ. ನೀಲಿ ಬಣ್ಣ. ತೊಳೆದೂ ಇಲ್ಲ. ಕೂದಲೆಲ್ಲ ಒಂದಕ್ಕೊಂದು ಅಂಟಿಕೊಂಡು ಕಡ್ಡಿಯಾಗಿತ್ತು.

ನಾನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕುಂಚವನ್ನು ಅವಳ ಮುಂದೆ ಹಿಡಿದು "ಇದೇನು?" ಎಂದೆ.

"ಬ್ರಷ್ಷು," ಎಂದಳು.

ಅಲ್ಲಾ, ಉತ್ತರ ನೋಡಿ! ಅದು ಬ್ರಷ್ಷು ಎಂದು ನನಗೆ ಗೊತ್ತಿಲ್ಲವೇ? ಮೈಯೆಲ್ಲ ಉರಿದುಹೋಯಿತು. ಸಂಜೆ ಇವರಿಗೆ ಹೇಳಿದೆ. "ಮಗು, ಗೊತ್ತಾಗಿಲ್ಲ," ಎಂದರು. ಮಗುವಂತೆ. ನನಗಿಂತ ಎರಡು ಬೆರಳು ಎತ್ತರ ಇದ್ದಾಳೆ.

ನನ್ನನ್ನು ಅವಳು ಏನೂ ಎಂದು ಕರೆಯುವುದಿಲ್ಲ. ಚಿಕ್ಕಮ್ಮ ಎಂದಿಲ್ಲ, ಆಂಟಿ ಎಂದಿಲ್ಲ. ಏನಾದರೂ ಬೇಕಾದರೆ ಅಡುಗೆಮನೆಯ ಬಾಗಿಲಿಗೆ ಬಂದು, ನಾನು ತಿರುಗಿ ನೋಡುವ ತನಕ ನಿಂತಿರುತ್ತಾಳೆ. ನೋಡದಿದ್ದರೆ ಗಂಟಲು ಸರಿಮಾಡಿಕೊಳ್ಳುತ್ತಾಳೆ. ನಾನೇನು ಬ್ಯಾಂಕಿನ ಕೌಂಟರೇ?

ಸೆಪ್ಟೆಂಬರ್ ೧೩, ಶುಕ್ರವಾರ

ಡ್ರೈವರ್ ಮತ್ತೆ ಬೇಡ ಎಂದ. ಈ ಸಲ ಸೂಜಿಯ ಫೋನಿನಲ್ಲಿ ಅವನೇ ಮಾತಾಡಿದ. ದಪ್ಪ ದನಿ, ಬಹಳ ಮರ್ಯಾದೆ.

"ತಪ್ಪು ತಿಳ್ಕೋಬೇಡಿ ಮೇಡಂ. ಅಕ್ಷರ ಚೆನ್ನಾಗಿದೆ. ಆದ್ರೆ ಅದರಲ್ಲಿ ಕೋಪ ಇದೆ."

"ಸಾಕು ಅನ್ನೋದು ಕೋಪದ ಮಾತೇ ತಾನೆ?"

"ಹಂಗಂತೀರಾ?" ಎಂದ. "ಇರ್ಲಿ ಬಿಡಿ, ನಂಗೆ ಬಾಯಿಬಿಟ್ಟು ಹೇಳಕ್ಕೆ ಬರಲ್ಲ. ಇನ್ನೊಂದು ಸಲ ನೋಡಿ."

ನೋಡಿದೆ. ಎಷ್ಟೊಂದು ಸಲ ನೋಡಿದೆ! ದುಂಡಗೆ, ತೆಳ್ಳಗೆ, ಓರೆಯಾಗಿ. ನೆಲದ ತುಂಬ ಸಾಕು, ಸಾಕು, ಸಾಕು. ಶಾಲೆಯಿಂದ ಬಂದ ಹುಡುಗಿ ಒಂದೂ ಕಾಗದ ತುಳಿಯದೆ ಗೋಡೆಗೆ ಅಂಟಿಕೊಂಡು ಕೋಣೆಗೆ ಹೋದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಳು. ರಾತ್ರಿ ಊಟಕ್ಕೆ ಅರ್ಧ ತಟ್ಟೆಯೂ ತಿನ್ನಲಿಲ್ಲ. ಮಾಡಿ ಹಾಕುವವಳಿಗೆ ಬೆಲೆಯೇ ಇಲ್ಲ ಈ ಮನೆಯಲ್ಲಿ.

ಸೆಪ್ಟೆಂಬರ್ ೧೬, ಸೋಮವಾರ

ಇವರು ಕೆಲಸದ ಮೇಲೆ ಬೇರೆ ಊರಿಗೆ. ಶಾಲೆಯಲ್ಲಿ ಪೋಷಕರ ಸಭೆ. ಯಾರು ಹೋಗಬೇಕು? ಮನೆಯಲ್ಲೇ ಇರುವವಳು. ಮನೆಯಲ್ಲಿ ಕೂತು ಮಾಡುವ ಕೆಲಸ ಕೆಲಸವೇ ಅಲ್ಲವಲ್ಲ.

ಉದ್ದನೆಯ ಹಜಾರ, ಚಿಕ್ಕಮಕ್ಕಳ ಕುರ್ಚಿ. ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತೆ. ಟೀಚರು ಹುಡುಗಿಯನ್ನೂ ನನ್ನನ್ನೂ ನೋಡಿ ಕೇಳಿದರು:

"ನೀವು ಇವಳಿಗೆ ಏನಾಗ್ಬೇಕು?"

ಅಕ್ಷರವೇ ಕಸುಬು, ಆ ಹೊತ್ತಿಗೆ ಒಂದು ಪದ ಹೊಳೆಯಲಿಲ್ಲ. ಇದೆ ಒಂದು ಪದ, ಗೊತ್ತು. ಬಾಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ನಾನು ಆ… ಈ… ಎನ್ನುತ್ತಿರುವಾಗಲೇ ಹುಡುಗಿ ಹೇಳಿಬಿಟ್ಟಳು:

"ಇವ್ರು ಅಕ್ಷರ ಬರೀತಾರೆ."

ಟೀಚರು ತಬ್ಬಿಬ್ಬಾದರು. "ಎಲ್ರೂ ಬರೀತಾರಲ್ಲಮ್ಮ?"

"ಎಲ್ರೂ ಬರೆಯೋ ಹಾಗಲ್ಲ," ಎಂದಳು ಹುಡುಗಿ.

ಹೊಗಳಿದಳೋ ದೂರ ಇಟ್ಟಳೋ ಇನ್ನೂ ತಿಳಿದಿಲ್ಲ. ಗಣಿತ ಪರವಾಗಿಲ್ಲವಂತೆ, ವಿಜ್ಞಾನ ಚೆನ್ನಾಗಿದೆಯಂತೆ. ತರಗತಿಯಲ್ಲಿ ಯಾರ ಜೊತೆಗೂ ಸೇರುವುದಿಲ್ಲವಂತೆ. "ಹೆಂಗೂ ಹೋಗ್ತೀನಿ ಅಂತ ಹೇಳ್ತಿರ್ತಾಳೆ," ಎಂದರು ಟೀಚರು. ಹೋಗುತ್ತಾಳೆ ಎಂದು ಶಾಲೆಗೆಲ್ಲ ಗೊತ್ತು. ಅದರಲ್ಲಿ ಮುಚ್ಚುಮರೆ ಏನಿದೆ? ಆದರೂ ದಾರಿಯುದ್ದಕ್ಕೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡಿತು.

ಅವಳ ಶೂ ಬಿಗಿಯಾಗಿದೆ. ಹಿಮ್ಮಡಿ ತುಳಿದುಕೊಂಡು ನಡೆಯುತ್ತಾಳೆ. ಯಾರೂ ನೋಡಿಲ್ಲ. ಅಪ್ಪನಿಗೆ ಕಣ್ಣಿಲ್ಲವೇ?

ಸೆಪ್ಟೆಂಬರ್ ೧೭, ಮಂಗಳವಾರ

ಶೂ ಅಂಗಡಿಯಲ್ಲಿ ಅರ್ಧ ದಿನ ಹಾಳು. ಕಪ್ಪು ಬೇಡ, ಕಂದು ಬೇಡ, ಲೇಸು ಬೇಡ. ಕೆಲಸ ಸೊನ್ನೆ.

ಸೆಪ್ಟೆಂಬರ್ ೧೯, ಗುರುವಾರ

ಡ್ರೈವರನ್ನು ಎದುರಿಗೇ ಕೂರಿಸಿಕೊಂಡು ಕೇಳಿಬಿಡುತ್ತೇನೆ ಎಂದು ಸೂಜಿಯ ಅಂಗಡಿಗೆ ಹೋದೆ. ಹೋಗುವಾಗ ಇದ್ದ ಆವೇಶಕ್ಕೆ, ಕಾಗದದ ಕಟ್ಟನ್ನು ಅವನ ಮುಖದ ಮೇಲೆ ಎಸೆಯುವುದೊಂದೇ ಬಾಕಿ.

ಭಾರಿ ಆಳು. ಮುಂಗೈ ಎಂದರೆ ನನ್ನ ತೊಡೆಯಷ್ಟು. ನನ್ನನ್ನು ನೋಡಿ ಎದ್ದು ನಿಂತ, ಇದ್ದ ಒಂದು ಒಳ್ಳೆಯ ಕುರ್ಚಿ ಬಿಟ್ಟುಕೊಟ್ಟ. ಹಾಗೆ ಮಾಡಿದರೆ ಜಗಳ ಹೇಗೆ ಶುರು ಮಾಡುವುದು?

"ನೋಡಿ," ಎಂದೆ, "ಏನನ್ನ ಸಾಕು ಅಂತಿದ್ದೀರಿ ಅಂತ ಹೇಳಿ. ಕುಡಿತನಾ? ಕೆಲ್ಸನಾ? ಮನುಷ್ಯರ ಸಹವಾಸನಾ?"

ಅವನು ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ನಗು ಬಂತು ಅವನಿಗೆ. "ಅಯ್ಯೋ! ನೀವು ಆ ಸಾಕು ಅಂದ್ಕೊಂಡ್ರಾ?"

"ಇನ್ಯಾವ ಸಾಕು ಇದೆ?"

"ಸಾಕೋದು, ಮೇಡಂ. ನಮ್ಮಮ್ಮ ನನ್ನ ಹೆತ್ತಿಲ್ಲ. ಸಾಕಿದ್ದು."

ಸೂಜಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಕುಂಚ ಹಿಡಿದು ಇಷ್ಟು ವರ್ಷ ಆಯಿತು, ಒಂದು ಪದಕ್ಕೆ ಇನ್ನೊಂದು ಮುಖ ಇರಬಹುದು ಎಂದು ತಿರುಗಿಸಿ ನೋಡಲಿಲ್ಲವಲ್ಲ! ಗುಬ್ಬಚ್ಚಿಯಷ್ಟು ಚಿಕ್ಕವಳಾದೆ.

ಅವನು ತಾನಾಗಿ ಹೇಳಿದ. ಚಿಕ್ಕವನಿದ್ದಾಗ ಬೀದಿಯ ಮಕ್ಕಳು ಸಾಕುಮಗ, ಸಾಕುನಾಯಿ ಎಂದು ರೇಗಿಸುತ್ತಿದ್ದರಂತೆ. ಅಳುತ್ತಾ ಮನೆಗೆ ಬಂದರೆ ಅವರಮ್ಮ ಸಮಾಧಾನವನ್ನೇ ಮಾಡುತ್ತಿರಲಿಲ್ಲವಂತೆ, "ಹೋಗಿ ಮುಖ ತೊಳ್ಕೊ," ಅಷ್ಟೇ. "ಒಂದಿನ ಪಕ್ಕದ್ಮನೆಯೋರು ಕೇಳಿದ್ರು, ನಿಂಗೂ ಅಂತ ಹೊಟ್ಟೇಲಿ ಒಂದು ಆಗ್ಬಾರ್ದಾ ಅಂತ. ಅಮ್ಮ ಬಟ್ಟೆ ಒಗೀತಿದ್ಲು. ತಲೆ ಎತ್ತಲೂ ಇಲ್ಲ. 'ಇವ್ನೇ ಸಾಕು' ಅಂದ್ಲು."

ಅಷ್ಟು ಹೇಳಿ ಅವನು ತನ್ನ ಬರಿಯ ಮುಂಗೈಯನ್ನು ನೋಡಿಕೊಂಡ.

"ಅವತ್ತು ಅಮ್ಮ ಎರಡ್ರಲ್ಲಿ ಯಾವ ಸಾಕು ಅಂದ್ಲೋ ನಂಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರೋ ಹಾಗೆ ಬರೆಯಕ್ಕಾಗುತ್ತಾ?"

ನಾನು "ನೋಡೋಣ" ಎಂದೆ. ಇವರ ಮಾತು ನನ್ನ ಬಾಯಲ್ಲಿ.

ಸೆಪ್ಟೆಂಬರ್ ೨೧, ಶನಿವಾರ

ಆಗುತ್ತಿಲ್ಲ. ಕೊಂಬನ್ನು ಗಕ್ಕನೆ ನಿಲ್ಲಿಸಿದರೆ ಬೈಗುಳ, ಉದ್ದ ಎಳೆದರೆ ಲಾಲಿ. ಆ ಹೆಂಗಸು ಲಾಲಿ ಹಾಡುವವಳಲ್ಲ, ಬಟ್ಟೆ ಒಗೆಯುತ್ತಾ ಹೇಳಿದವಳು. ಮೃದುವಾಗಿಯೂ ಇರಬಾರದು, ಬಿರುಸಾಗಿಯೂ ಇರಬಾರದು. ಇಂಥ ಪದ ಕೊಟ್ಟವನ ಮೇಲೂ ಕೋಪ, ನಿಬ್ಬಿನ ಮೇಲೂ ಕೋಪ.

ಹುಡುಗಿಗೆ ಕೆಮ್ಮು. ಎರಡು ದಿನದಿಂದ ಇತ್ತಂತೆ, ಹೇಳಿಲ್ಲ. ಹೇಳುವುದಕ್ಕೆ ಏನು ಧಾಡಿ? ಬಿಸಿನೀರು ಕೊಟ್ಟರೆ ಅರ್ಧ ಚೆಲ್ಲಿದಳು. ಬೆನ್ನು ತಿಕ್ಕಿದೆ. ತಿಕ್ಕುವಾಗ ಮೈ ಬಿಗಿ ಹಿಡಿದು ಕೂತಿದ್ದಳು, ಆಮೇಲೆ ಬಿಟ್ಟಳು. ಕೈಯೆಲ್ಲ ಮುಲಾಮಿನ ವಾಸನೆ, ಕಾಗದಕ್ಕೂ ಹತ್ತಿತು, ಮತ್ತೊಂದು ಹಾಳೆ ದಂಡ.

ಸೆಪ್ಟೆಂಬರ್ ೨೩, ಸೋಮವಾರ

ಸರಿಹೋಯಿತು ಎಂದು ಕಾಣುತ್ತದೆ. ಸಕಾರದ ಇಳಿಯನ್ನು ಮೇಲಿನಿಂದ ಅಗಲವಾಗಿ ತಂದೆ, ಕಕಾರ ಅದರ ಕೆಳಗೆ ಸೂರಿನಡಿ ನಿಂತ ಹಾಗೆ ಬಂತು. ಕೊಂಬನ್ನು ಎಳೆಯಲೂ ಇಲ್ಲ, ಕಡಿಯಲೂ ಇಲ್ಲ. ಕೈ ಎಲ್ಲಿ ನಿಂತಿತೋ ಅಲ್ಲಿ ಬಿಟ್ಟೆ.

ಸೂಜಿಗೆ ಒಯ್ದುಕೊಟ್ಟರೆ ಮೂಗು ಮುರಿದ. "ಸಕಾರದ ಒಳಗೆ ಜಾಗ ಇಲ್ಲ. ಚರ್ಮ ಕಾಗದ ಅಲ್ಲ ಮೇಡಂ. ಶಾಯಿ ಹರಡುತ್ತೆ. ಹತ್ತು ವರ್ಷಕ್ಕೆ ಈ ಸಂದಿ ಮುಚ್ಚಿ ಒಂದು ಕಪ್ಪು ಮಚ್ಚೆ ಆಗುತ್ತೆ."

"ಹತ್ತು ವರ್ಷದ್ದು ಈಗ ಯಾಕೆ?"

"ಕೈ ಅಲ್ಲೇ ಇರುತ್ತಲ್ಲ!"

ಒಳಗಿನ ಜಾಗ ಅಗಲ ಮಾಡಿದೆ, ಅವನು ಮತ್ತೂ ಅಗಲ ಮಾಡಿ ಎಂದ, ನಾನು ಬೇಡ ಎಂದೆ, ಜಗಳವಾಡಿದೆವು, ಚಹಾ ಕುಡಿದೆವು, ಮತ್ತೆ ಜಗಳವಾಡಿದೆವು. ಕೊನೆಗೆ ಆದ ಅಕ್ಷರ ನನ್ನದೂ ಅಲ್ಲ, ಅವನದೂ ಅಲ್ಲ. ಡ್ರೈವರ್ ನೋಡಿದವನೇ ಅಂಗಿಯ ತೋಳು ಮೇಲಕ್ಕೆ ಮಡಿಸಿ ಕೂತುಬಿಟ್ಟ. ಚುಚ್ಚಿ ಮುಗಿದ ಮೇಲೆ, "ಅಮ್ಮ ಬೈತಾಳೆ, ಕೈ ಹಾಳು ಮಾಡ್ಕೊಂಡೆ ಅಂತ," ಎಂದ. ಬೈಸಿಕೊಳ್ಳುವ ಅವಸರದಲ್ಲಿ ನನಗೆ ಹೇಳದೆಯೇ ಹೊರಟುಹೋದ.

ಖುಷಿಯಾಗಬೇಕಿತ್ತು. ಮನೆಗೆ ಬಂದರೆ ಹುಡುಗಿ ಬಟ್ಟೆ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದಳು. ಇನ್ನೂ ದಿನ ಇದೆಯಲ್ಲ, ಈಗಲೇ ಏನು ಆತುರ ಎಂದೆ. "ಆಮೇಲೆ ಗಡಿಬಿಡಿ ಆಗ್ಬಾರ್ದು ಅಂತ," ಎಂದಳು. ಹೊಸ ಶೂ ಡಬ್ಬಿಯಲ್ಲೇ ಇತ್ತು. ಬೆಳಗ್ಗೆಯಿಂದ ಇದ್ದ ಉತ್ಸಾಹ ಅಲ್ಲಿಗೆ ಇಳಿದುಹೋಯಿತು. ಆಯಾಸ.

ಸೆಪ್ಟೆಂಬರ್ ೨೫, ಬುಧವಾರ

ಇವರು ಕೇಳಿದರು: "ಅವಳ ಅಜ್ಜಿಗೆ ಏನು ಹೇಳೋದು?"

"ನಿಮ್ಮ ಮಗಳು. ನೀವು ಹೇಳಿ."

"ನಿಂಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಕೆಲಸಕ್ಕೆ ಜಾಗ ಇಲ್ಲ. ನೀನು ಹೇಗೆ ಹೇಳ್ತೀಯೋ ಹಾಗೆ."

ಇಷ್ಟು ದಿನ ನಾನು ಹೇಳಿದ್ದನ್ನೆಲ್ಲ ಇವರು ಕೇಳಿಸಿಕೊಳ್ಳುತ್ತಿದ್ದರು ಎಂದು ಇವತ್ತು ಗೊತ್ತಾಯಿತು. ಅದಕ್ಕೂ ಸಿಟ್ಟು ಬಂತು. ಹೆಂಡತಿ ಗೊಣಗಿದ್ದನ್ನೆಲ್ಲ ನಿಜ ಅಂದುಕೊಳ್ಳುವ ಗಂಡ ಎಲ್ಲಾದರೂ ಇದ್ದಾನೆಯೇ?

"ಅವಳನ್ನೇ ಕೇಳಿ," ಎಂದೆ.

"ಕೇಳ್ದೆ. ಎಲ್ಲಾದ್ರೂ ಸರಿ ಅಂದ್ಲು."

ಎಲ್ಲಾದರೂ ಸರಿ! ಅಪ್ಪನ ಮಗಳೇ, ಸಂಶಯವಿಲ್ಲ. ಇಬ್ಬರನ್ನೂ ಒಂದು ಗೂಟಕ್ಕೆ ಕಟ್ಟಬೇಕು.

ಸೆಪ್ಟೆಂಬರ್ ೨೭, ಶುಕ್ರವಾರ

ಏನೂ ಬರೆಯಲಿಲ್ಲ. ಕೆಮ್ಮು ಕಡಿಮೆಯಾಗಿಲ್ಲ. ಅಜ್ಜಿಯ ಊರಿನ ಶಾಲೆಯಲ್ಲಿ ವಿಜ್ಞಾನಕ್ಕೆ ಟೀಚರೇ ಇಲ್ಲವಂತೆ, ಇವಳೇ ಹೇಳಿದಳು, ನಾನು ಕೇಳಿರಲಿಲ್ಲ.

ಸೆಪ್ಟೆಂಬರ್ ೨೮, ಶನಿವಾರ

ಅಜ್ಜಿ ಬಂದರು. ಕೋಲು ಹಿಡಿದು, ಆದರೆ ನಮ್ಮ ಮೆಟ್ಟಿಲು ಹತ್ತುವಾಗ ಯಾರ ಕೈಯೂ ಬೇಡ ಎಂದರು. ಮೊಮ್ಮಗಳ ಕೆನ್ನೆ ಹಿಡಿದು ನೋಡಿದರು, "ಸೊರಗಿದೀಯ," ಎಂದರು. ಸೊರಗಿದ್ದಾಳಂತೆ! ನಾನೇನು ಉಪವಾಸ ಕೆಡವಿದ್ದೆನೇ?

ಊಟ ಆಯಿತು. ಬ್ಯಾಗು ಬಾಗಿಲಿನ ಹತ್ತಿರ ಬಂತು. ಇವರು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತ ನಿಂತರು. ಅಜ್ಜಿ ನನ್ನ ಕೈ ಹಿಡಿದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದನ್ನು ಇಲ್ಲ ಎನ್ನಬಾರದು.

"ನೀನೂ ಇಷ್ಟು ದಿನ ಸಹಿಸ್ಕೊಂಡೆ ತಾಯಿ. ಇನ್ನು ನಿನ್ನ ಕೋಣೆ ನಿಂಗೆ. ಆರಾಮಾಗಿ ಕೆಲಸ ಮಾಡ್ಕೊ."

"ನಂಗೆ ಆ ಕೋಣೆ ಬೇಡ," ಎಂದೆ.

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಇವರು ತಿರುಗಿದರು. ಶುರುವಾದ ಮೇಲೆ ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ.

"ಮುಂದಿನ ವಾರ ಪರೀಕ್ಷೆ ಇದೆ, ಯಾರಿಗಾದ್ರೂ ನೆನಪಿದೆಯಾ? ಕೆಮ್ಮು ಹೋಗಿಲ್ಲ. ಬಸ್ಸಲ್ಲಿ ಅಷ್ಟು ದೂರ ಗಾಳಿಗೆ ಕೂರಿಸ್ತೀರಾ? ಅಲ್ಲಿ ವಿಜ್ಞಾನಕ್ಕೆ ಟೀಚರಿಲ್ಲ. ಅಲ್ಲೂ ಎಲ್ಲಾದ್ರೂ ಸರಿ, ಇಲ್ಲೂ ಎಲ್ಲಾದ್ರೂ ಸರಿ, ಏನಿದು? ಎಲ್ರೂ ಅವಳನ್ನ ಕೇಳಿದ್ರಿ, ಯಾರಾದ್ರೂ ಒಬ್ರು ಹೇಳಿದ್ರಾ?"

"ಏನು ಹೇಳ್ಬೇಕಿತ್ತಮ್ಮ?" ಎಂದರು ಅಜ್ಜಿ.

ಹುಡುಗಿ ಬ್ಯಾಗಿನ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ಗಂಟಲು ಸರಿಮಾಡಿಕೊಳ್ಳಲಿಲ್ಲ, ಏನೂ ಇಲ್ಲ, ಸುಮ್ಮನೆ ಕಾಯುತ್ತಿದ್ದಳು. ಅಳು ಬಂತು, ಯಾಕೆ ಸುಳ್ಳು ಬರೆಯಲಿ, ನಾಲ್ಕು ಜನರ ಮುಂದೆ ಅಳು ಬಂತು.

"ಇರು ಅಂತ," ಎಂದೆ.

ಅವಳು ಬ್ಯಾಗು ಎತ್ತಿಕೊಂಡಳು. ಎತ್ತಿಕೊಂಡು ಒಳಗೆ ಕೋಣೆಗೆ ಹೋದಳು.

ಅಜ್ಜಿ ಕುರ್ಚಿಯಲ್ಲಿ ಕೂತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇದನ್ನ ಫೋನಲ್ಲೇ ಹೇಳ್ಬಾರ್ದಿತ್ತಾ? ಎರಡು ಟಿಕೆಟ್ ತೆಗೆಸಿದೀನಿ," ಎಂದರು. ನಾನು ಅವರ ಪಕ್ಕ ಕೂತೆ. ಅವರ ಮಗಳ ಮಗಳು. ಅವರಿಗೆ ಇನ್ನು ಖಾಲಿ ಮನೆ. ಪ್ರತಿ ರಜೆಗೂ ಕಳಿಸುತ್ತೇನೆ ಎಂದೆ. "ಕಳಿಸಬೇಡ, ಕರ್ಕೊಂಡು ಬಾ," ಎಂದರು, ಇನ್ನೂ ಸಿಟ್ಟಿನಲ್ಲೇ. ಬಸ್ಸಿಗೆ ಹತ್ತಿಸಲು ಮೂವರೂ ಹೋದೆವು.

ಸೆಪ್ಟೆಂಬರ್ ೩೦, ಸೋಮವಾರ

ಸುಖವಿಲ್ಲ. ಮೇಜಿನ ಒಂದು ಕಾಲು ಅಲುಗಾಡುತ್ತಿದೆ, ಸಾಬೂನಿನವನು ಇನ್ನೂ ಫಾಂಟು ಕೇಳುತ್ತಿದ್ದಾನೆ, ಇವರು ಕಾಲಿಗೆ ಕಾಗದ ಮಡಿಸಿ ಇಡುತ್ತೇನೆ ಎಂದವರು ಇಟ್ಟಿಲ್ಲ.

ಸಂಜೆ ಸೂಜಿ ಫೋನು ಮಾಡಿದ. ಡ್ರೈವರನ ಕೈ ನೋಡಿ ಇನ್ನಿಬ್ಬರು ಬಂದಿದ್ದಾರಂತೆ, ಅಕ್ಷರಕ್ಕೆ. ಅವನದು ಫೋನಿನಲ್ಲೂ ಬೀದಿಗೆ ಕೇಳುವಂಥ ದನಿ. "ನಿಮ್ಮ ಕೋಣೆ ವಾಪಸ್ ಸಿಗುತ್ತೆ ಅಂದಿದ್ರಲ್ಲ, ಅಲ್ಲೇ ಕೂತು ಮಾಡೋಣ್ವಾ?" ಎಂದ.

"ಆಗಲ್ಲಪ್ಪ. ಅಲ್ಲಿ ನನ್ನ ಮಗಳು ಓದ್ಕೋತಿದ್ದಾಳೆ. ನೀನು ಸ್ವಲ್ಪ ಮೆಲ್ಲಗೆ ಮಾತಾಡು," ಎಂದೆ. ಬುಧವಾರ ಅವನ ಅಂಗಡಿಗೇ ಹೋಗುವುದು ಎಂದಾಯಿತು. ಅಲ್ಲಿ ಬೆಳಕು ಸಾಲದು, ದೀಪ ಒಯ್ಯಬೇಕು. ಎಲ್ಲ ನನ್ನ ತಲೆಗೇ.

ಒಳಗೆ ಗಟ್ಟಿಯಾಗಿ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ನಾನು ಫೋನಿನಲ್ಲಿ ಇರುವಾಗಲೇ ಇದ್ದಕ್ಕಿದ್ದಂತೆ ನಿಲ್ಲಿಸಿದ್ದಳು. ಮತ್ತೆ ಗಂಟಲು ಕೆಟ್ಟಿತೇನೋ ಎಂದು ಎದ್ದು ಹೋಗಿ ನೋಡಿದೆ. ಪುಸ್ತಕದ ಮೇಲೆ ಬಗ್ಗಿ ಕೂತಿದ್ದಳು, ಪುಟ ಮಗುಚುತ್ತಿರಲಿಲ್ಲ. ಕಿವಿಯೆರಡೂ ಕೆಂಪಗಾಗಿದ್ದವು. ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಜ್ವರ ಬಂತೇ ಎಂದುಕೊಂಡು ಹಣೆಯ ಮೇಲೆ ಕೈ ಇಟ್ಟೆ. ತಣ್ಣಗಿತ್ತು.